ಎರಡನೆಯವರು ಬಂದೊಡನೆ ನಿಧಾನ

ಪಣಜಿ ಪಕ್ಕದ ರಿಬಂದರ್‌ನಿಂದ ಚೋರಾವ್ ದ್ವೀಪಕ್ಕೆ ಹೋಗುವವರು ಫೆರಿ ಹತ್ತಿ ಮಾಂಡೋವಿ ದಾಟುತ್ತಾರೆ. ಫೆರಿ ತುಂಬಿರಲಿ, ಒಂದೇ ಸ್ಕೂಟರ್ ಇರಲಿ, ಹೊಳೆ ದಾಟಲು ಹಿಡಿಯುವ ಹೊತ್ತು ಅಷ್ಟೇ. ಸಾಮಾನನ್ನೆಲ್ಲ ಒಮ್ಮೆಗೇ ಹೇರಿದರೆ ಒಂದು ಸುತ್ತು ಸಾಕು. ಸುತ್ತಿಗೊಂದೇ ತೆಂಗಿನಕಾಯಿ ಒಯ್ದರೆ ಸಂಜೆಯಾದರೂ ಮುಗಿಯದು. ನಾಲ್ಕೈದು ಮಂದಿ ಹಂಚಿಕೊಂಡು ಬಳಸುವ ಆಕ್ಸೆಸ್ ಡೇಟಾಬೇಸ್ ಒದ್ದಾಡುವುದು ಹೀಗೆಯೇ.

1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ತನ್ನ ಲೆಕ್ಕವನ್ನೆಲ್ಲ ಒಂದು ಫೈಲಿನಲ್ಲಿಡುತ್ತದೆ. ವಾಸ್ಕೋದ ಲಾರಿ ಸಾಗಣೆ ಕಚೇರಿಯೊಂದನ್ನು ನೆನೆಸಿಕೊಳ್ಳಿ. ಫೈಲು ಮೂಲೆಯ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿದೆ. ಆ ಕಂಪ್ಯೂಟರ್ ತಾನಾಗಿ ಏನನ್ನೂ ಹುಡುಕುವುದಿಲ್ಲ, ಕೇಳಿದ ತುಣುಕನ್ನು ಎತ್ತಿಕೊಡುತ್ತದೆ, ಅಷ್ಟೆ. ಒಂದು ಲಾರಿಯ ಬಾಕಿ ಬೇಕೆಂದರೆ ಕೇಳಿದವರ ಕಂಪ್ಯೂಟರೇ 4 ಕಿಲೋಬೈಟಿನ ಪುಟಗಳನ್ನು ತರಿಸಿ ತಿರುವಬೇಕು. ಲಾರಿ ನಂಬರಿಗೆ ಇಂಡೆಕ್ಸ್ ಇದ್ದರೆ ಕೆಲವೇ ಪುಟ, ಇಲ್ಲದಿದ್ದರೆ ಇಡೀ ಟೇಬಲ್. ಒಂದು ರಿಪೋರ್ಟಿಗೆ 20,000 ಸಲ ಹೋಗಿಬರಬೇಕು ಎನ್ನೋಣ. ಕೇಬಲ್‌ನಲ್ಲಿ ಸಲಕ್ಕೆ ಅರ್ಧ ಮಿಲಿಸೆಕೆಂಡ್ ಹಿಡಿದರೆ 10 ಸೆಕೆಂಡಾಯಿತು. ವೈಫೈನಲ್ಲಿ 5 ಮಿಲಿಸೆಕೆಂಡ್ ಹಿಡಿದರೆ 100 ಸೆಕೆಂಡ್. ಹೆಚ್ಚು ವೇಗದ ಇಂಟರ್ನೆಟ್ ಹಾಕಿಸಿ ಫಲವಿಲ್ಲ, ಫೈಲು ಬರುವುದು ಆ ದಾರಿಯಲ್ಲಲ್ಲ.

ಒಬ್ಬರೇ ಇದ್ದಾಗ ಸರಾಗವಾಗಿದ್ದದ್ದು ಇನ್ನೊಬ್ಬರು ತೆರೆದ ಕೂಡಲೇ ತೆವಳುವುದೇಕೆ? ಒಬ್ಬರೇ ಇರುವಾಗ ವಿಂಡೋಸ್ ಅವರಿಗೆ ಒಂದು ಸಲಿಗೆ ಕೊಡುತ್ತದೆ: ಓದಿದ ಪುಟಗಳನ್ನು ನಿನ್ನ ಬಳಿಯೇ ಇಟ್ಟುಕೋ, ಪ್ರತಿಸಲ ಕೇಳಬೇಡ. ಇದಕ್ಕೆ ಆಪ್‌ಲಾಕ್ ಎನ್ನುತ್ತಾರೆ. ಎರಡನೆಯವರು ಬಂದರೆ ಆ ಸಲಿಗೆ ರದ್ದು. ಇಬ್ಬರ ಕೈಯಲ್ಲೂ ಹಳೆಯ ಪ್ರತಿ ಉಳಿದು ಲೆಕ್ಕ ಕೆಡಬಾರದಲ್ಲ! ಆಮೇಲೆ ಚಿಕ್ಕ ಪುಟಕ್ಕೂ ಹೊಳೆ ದಾಟಲೇಬೇಕು. ಇದು ಗೊತ್ತಿಲ್ಲದೆ ಗುಮಾಸ್ತೆಯನ್ನು ನಿಧಾನಿ ಎಂದು ಬೈಯುವುದು ಅನ್ಯಾಯ.

ಇನ್ನೊಂದು ಕಾರಣ ಲಾಕ್ ಫೈಲ್. ಯಾರು ಒಳಗಿದ್ದಾರೆಂದು ಬರೆದಿಡುವ ಈ ಪುಟ್ಟ ಫೈಲನ್ನು ಆಕ್ಸೆಸ್, ಹಂಚಿಕೊಂಡ ಫೈಲಿನ ಟೇಬಲ್ ತೆರೆದಾಗ ಹುಟ್ಟಿಸುತ್ತದೆ, ಮುಚ್ಚಿದಾಗ ಅಳಿಸಲು ನೋಡುತ್ತದೆ. ಫಾರಂ ಬದಲಿಸಿದಾಗಲೆಲ್ಲ ಇದೇ ಗೋಳು. ಪರೀಕ್ಷೆ ಸುಲಭ. ಹಂಚಿಕೊಂಡ ಫೈಲಿನ ಯಾವುದಾದರೊಂದು ಸಣ್ಣ ಟೇಬಲ್ಲನ್ನು ತೆರೆದೇ ಇಟ್ಟು, ತೆವಳುತ್ತಿದ್ದ ಫಾರಂ ತೆರೆಯಿರಿ. ಚುರುಕಾಯಿತೇ? ಹಾಗಾದರೆ ರೋಗ ಸಿಕ್ಕಿತು. ಪ್ರೋಗ್ರಾಂ ಶುರುವಾದೊಡನೆ ಅಂಥ ಟೇಬಲ್ಲೊಂದು ಹಿನ್ನೆಲೆಯಲ್ಲಿ ತೆರೆದುಕೊಂಡು ಕೊನೆವರೆಗೂ ಹಾಗೇ ಇರುವಂತೆ ಮಾಡಿಸಿ.

ಮೊದಲು ಮಾಡಬೇಕಾದದ್ದು ಫೈಲನ್ನು ಎರಡಾಗಿ ಒಡೆಯುವುದು. ಟೇಬಲ್‌ಗಳು ಮೂಲೆಯ ಕಂಪ್ಯೂಟರಿನಲ್ಲಿರಲಿ, ಫಾರಂ ಮತ್ತು ರಿಪೋರ್ಟುಗಳ ಪ್ರತಿ ಪ್ರತಿಯೊಬ್ಬರ ಯಂತ್ರದಲ್ಲೂ ಇರಲಿ. ಉಬ್ಬಿದ ಫೈಲನ್ನು ಕುಗ್ಗಿಸಲು ಕಂಪ್ಯಾಕ್ಟ್ ಮಾಡುವುದಿದ್ದರೆ ಅದಕ್ಕೆ ಮುನ್ನ ಎಲ್ಲರೂ ಹೊರಬರಲಿ, ಒಂದು ನಕಲು ತೆಗೆದಿಡಿ.

ವೈಫೈ ಬಗ್ಗೆ ನನ್ನದು ಖಡಾಖಂಡಿತ ಮಾತು: ಈ ಕೆಲಸಕ್ಕೆ ಬೇಡ. ಗೋವಾದ ಹಳೆಯ ಮನೆಗಳ ದಪ್ಪ ಜಂಬಿಟ್ಟಿಗೆ ಗೋಡೆ ದಾಟುವಾಗ ಸಿಗ್ನಲ್ ಸೊರಗುತ್ತದೆ, ಬರೆಯುವ ನಡುವೆ ಸಂಪರ್ಕ ಕಡಿದರೆ ಫೈಲೇ ಕೆಡಬಹುದು. ಮಳೆಗಾಲದಲ್ಲಿ ಕರೆಂಟು ಹೋದರೂ ಅದೇ ಅಪಾಯ. ಹಾಗಾಗಿ ಯುಪಿಎಸ್ ಕಂಪ್ಯೂಟರುಗಳಿಗಷ್ಟೇ ಅಲ್ಲ, ನಡುವಿನ ನೆಟ್‌ವರ್ಕ್ ಸ್ವಿಚ್‌ಗೂ ಬೇಕು.

ಆಕ್ಸೆಸ್ 255 ಮಂದಿಗೆ ಅವಕಾಶ ಕೊಡುತ್ತದೆಂದು ಕಾಗದದ ಮೇಲಿದೆ, ಫೈಲಿನ ಮಿತಿ 2 ಗಿಗಾಬೈಟ್. ಕಚೇರಿ ಬೆಳೆದರೆ ಅಲ್ಲಿವರೆಗೆ ಕಾಯದೆ ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರಿಗೆ ಸಾಗಿಸಬಹುದು. ಆಗ ಹುಡುಕುವ ಕೆಲಸ ಮೂಲೆಯ ಯಂತ್ರದ್ದೇ. ಇಲ್ಲಿಂದ ಪ್ರಶ್ನೆ ಹೋಗುತ್ತದೆ, ಅಲ್ಲಿಂದ ಆ ಒಂದು ಲಾರಿಯ ಬಾಕಿಯಷ್ಟೇ ಬರುತ್ತದೆ.