ಟ್ರಾಕ್ಟರಿನ ವೇಗದ ಮೆಟ್ಟು ಮತ್ತು ಇಂಜಿನಿನ ಕಂಪ್ಯೂಟರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಒಕ್ಕಲುತನದಲ್ಲಿ ಟ್ರಾಕ್ಟರು ಬಿಡಲಾಗದ ಸಾಧನವಾಗಿರುವದು. ಗೋವಿನಜೋಳದ ಹೊಲವನ್ನು ಹದಗೊಳಿಸುವದಕ್ಕೂ, ಮೆಣಸಿನಕಾಯಿಯ ಚೀಲಗಳನ್ನು ಬ್ಯಾಡಗಿಯ ಪೇಟೆಗೆ ಸಾಗಿಸುವದಕ್ಕೂ ಅದು ಬೇಕು. ಹೊಸ ತರದ ದೊಡ್ಡ ಟ್ರಾಕ್ಟರುಗಳಲ್ಲಿ ಮೆಟ್ಟನ್ನು ತುಳಿದರೂ ಇಂಜಿನು ತಡವಾಗಿ ಓಗೊಡುವದೆಂದು ನಡೆಸುವವರು ಹೇಳುವದುಂಟು. ಸಾಫ್ಟ್‌ವೇರಿನಿಂದ ಅದನ್ನು ಚುರುಕುಗೊಳಿಸಿ ಕೊಡುವೆವೆನ್ನುವ ಕಸಬುದಾರರೂ ಉಂಟು. ಅಂಥವರಿಗೆ ಹಣ ಕೊಡುವ ಮೊದಲು, ಅದರಿಂದ ಬದಲಾಗುವದು ಯಾವದು, ಬದಲಾಗದೆ ಉಳಿಯುವದು ಯಾವದು ಎಂಬದನ್ನು ಜಮೀನುದಾರರು ತಿಳಿದಿರತಕ್ಕದ್ದು.

ಹಳೆಯ ಟ್ರಾಕ್ಟರಿನಲ್ಲಿ ಮೆಟ್ಟಿಗೂ ಡೀಸೆಲ್ ಪಂಪಿಗೂ ನಡುವೆ ಕಬ್ಬಿಣದ ಸಲಾಕೆ ಇರುವದು. ಪಂಪಿನೊಳಗಿನ ಗವರ್ನರು ಭಾರ ಹೆಚ್ಚಿದಾಗ ಎಣ್ಣೆಯನ್ನು ಹೆಚ್ಚಿಸಿ, ಭಾರ ತಗ್ಗಿದಾಗ ಕಡಿಮೆ ಮಾಡಿ, ಇಂಜಿನಿನ ವೇಗವನ್ನು ಹದವಾಗಿಡುವದು. 1788 ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟನು ಉಗಿಯಂತ್ರಕ್ಕೆ ಅಳವಡಿಸಿದ ತಿರುಗುವ ಗುಂಡುಗಳ ಗವರ್ನರಿನ ತತ್ತ್ವವೇ ಇದಾಗಿದೆ.

ಭಾರತದಲ್ಲಿ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023 ನೇ ಜನವರಿ 1 ರಿಂದ ಹೊಗೆಯ ಬಗೆಗಿನ ನಾಲ್ಕನೆಯ ಹಂತದ ನಿಯಮಗಳು ಜಾರಿಗೆ ಬಂದವು. ಇವುಗಳನ್ನು ಪಾಲಿಸುವದಕ್ಕಾಗಿ ಇಂಥ ಟ್ರಾಕ್ಟರುಗಳಲ್ಲಿ ಸಲಾಕೆಯ ಬದಲು ವಿದ್ಯುತ್ ತಂತಿಯೂ ಗವರ್ನರಿನ ಬದಲು ಕಂಪ್ಯೂಟರೂ ಬಂದವು. ಮೆಟ್ಟಿನ ಬುಡದಲ್ಲಿ ಎರಡು ಸೆನ್ಸರುಗಳಿದ್ದು, ಮೆಟ್ಟು ಎಷ್ಟು ಇಳಿದಿದೆಯೆಂಬದನ್ನು ಅವು ಕಂಪ್ಯೂಟರಿಗೆ ತಿಳಿಸುವವು. ಎರಡಿರುವ ಕಾರಣವೇನೆಂದರೆ, ಒಂದು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುವದು. ಎರಡರ ಮಾತು ಕೂಡದಿದ್ದರೆ ಕಂಪ್ಯೂಟರು ಶಕ್ತಿಯನ್ನು ತಗ್ಗಿಸಿ, ಯಂತ್ರವು ನಿಧಾನವಾಗಿ ಮನೆ ಸೇರುವಷ್ಟಕ್ಕೆ ಮಾತ್ರ ಅವಕಾಶ ಕೊಡುವದು.

ಹೀಗೆ ಮೆಟ್ಟು ಈಗ ಎಣ್ಣೆಯನ್ನು ನೇರವಾಗಿ ಬಿಡುವದಿಲ್ಲ; ಅದು ಬೇಡಿಕೆಯನ್ನು ಮಾತ್ರ ಸಲ್ಲಿಸುವದು. ಎಷ್ಟು ತುಳಿದರೆ ಎಷ್ಟು ಬೇಡಿಕೆಯೆಂಬದು ಕಂಪ್ಯೂಟರಿನಲ್ಲಿ ಬರೆದಿಟ್ಟ ಒಂದು ಕೋಷ್ಟಕದಲ್ಲಿರುವದು. ಇದಕ್ಕೆ ಮೆಕ್ಯಾನಿಕರು ಮ್ಯಾಪು ಎನ್ನುವರು. ದೃಷ್ಟಾಂತಕ್ಕಾಗಿ, ಒಂದು ಮ್ಯಾಪಿನಲ್ಲಿ ಮೆಟ್ಟನ್ನು ನೂರಕ್ಕೆ 20 ರಷ್ಟು ತುಳಿದರೆ ಬೇಡಿಕೆಯೂ 20 ಇರಲಿ. ಚುರುಕುಗೊಳಿಸಿದ ಮ್ಯಾಪಿನಲ್ಲಿ ಅಷ್ಟೇ ತುಳಿತಕ್ಕೆ ಬೇಡಿಕೆ 40 ಆಗಬಹುದು. ಆದರೆ ಪೂರ್ತಿ ತುಳಿದಾಗ ಎರಡರಲ್ಲಿಯೂ ಅದು 100 ಮಾತ್ರವೇ. ಎತ್ತಿಗೆ ಬಾರುಕೋಲನ್ನು ಬೇಗ ಬೀಸಿದರೆ ಅದು ಬೇಗ ಹೆಜ್ಜೆಯಿಡಬಹುದೇ ಹೊರತು ಅದರ ಹೆಗಲಿನ ಕಸುವು ಹೆಚ್ಚುವದಿಲ್ಲ. ಮೆಟ್ಟಿಗೂ ಕಂಪ್ಯೂಟರಿಗೂ ನಡುವೆ ಕೂಡಿಸುವ ಸಣ್ಣ ಪೆಟ್ಟಿಗೆಗಳು ಮಾಡುವ ಕೆಲಸವೂ ಇಷ್ಟೇ.

ತಯಾರಕರು ನಿಧಾನದ ಮ್ಯಾಪನ್ನು ಇಡುವದಕ್ಕೆ ಕಾರಣಗಳುಂಟು. ಟರ್ಬೊ ಉಳ್ಳ ಇಂಜಿನಿಗೆ ಗಾಳಿಯು ತುಸು ತಡವಾಗಿ ಒದಗುವದು. ಗಾಳಿ ಬರುವ ಮೊದಲೇ ಎಣ್ಣೆಯನ್ನು ಸುರಿದರೆ ಅದು ಪೂರ್ತಿ ಉರಿಯದೆ ಕರಿಹೊಗೆಯಾಗುವದು. ಕರಿಹೊಗೆಯೆಂದರೆ ಒಕ್ಕಲಿಗನು ಕೊಂಡ ಡೀಸೆಲ್ಲು ವ್ಯರ್ಥವಾಗಿ ಹೋದಂತೆ. ಹಸಿ ಎರೆಭೂಮಿಯಲ್ಲಿ ಗಾಲಿಗಳು ಒಮ್ಮೆಲೆ ತಿರುಗಿದರೆ ಜಾರಿ, ಅಲ್ಲಿಯೇ ಹೂತುಕೊಳ್ಳುವವು. ಎಲ್ಲಕ್ಕೂ ಮುಖ್ಯವಾದ ಮಾತೆಂದರೆ, ಭಾರ ತುಂಬಿದ ಟ್ರೇಲರನ್ನು ಏರಿನಲ್ಲಿ ಎಳೆಯುವಾಗ ಮೆಟ್ಟಿನ ಜಗ್ಗಾಟದಿಂದ ಮುಂದಿನ ಗಾಲಿಗಳು ಮೇಲೆದ್ದು, ಟ್ರಾಕ್ಟರು ಹಿಂದಕ್ಕೆ ಮಗುಚಬಹುದು. ಆಗ ನಡೆಸುವವನ ಪ್ರಾಣಕ್ಕೇ ಅಪಾಯ.

ಹೊಲದ ಕೆಲಸದಲ್ಲಿಯಾದರೋ ಇದರಿಂದ ಲಾಭವು ಹೆಚ್ಚೇನೂ ಇಲ್ಲ. ರೋಟಾವೇಟರನ್ನೂ ರಾಶಿಯ ಯಂತ್ರವನ್ನೂ ನಡೆಸುವಾಗ ಕೈಹಿಡಿಕೆಯಿಂದ ವೇಗವನ್ನು ಸ್ಥಿರಪಡಿಸಿ, ಪಿಟಿಓ ದಂಡವು ನಿಮಿಷಕ್ಕೆ 540 ಸುತ್ತು ತಿರುಗುವಂತೆ ಇಡುವದು ರೂಢಿ. ಅಲ್ಲಿ ಕಾಲಿನ ಮೆಟ್ಟಿಗೆ ಕೆಲಸವಿಲ್ಲ. ಭಾರಕ್ಕೆ ತಕ್ಕಂತೆ ಎಣ್ಣೆ ಬಿಡುವ ಹೊಣೆ ಕಂಪ್ಯೂಟರಿನದೇ.

ಎಣ್ಣೆಯ ಮೇಲಿನ ಮಿತಿಯನ್ನೇ ತಿದ್ದಿ ಬರೆಯುವದು ಇನ್ನೊಂದು ಬಗೆ. ಇದರಿಂದ ಶಕ್ತಿಯು ನಿಜವಾಗಿಯೂ ಹೆಚ್ಚುವದು. ಆದರೆ ಕ್ಲಚ್ಚು, ಗೇರು, ರೇಡಿಯೇಟರು ಇವು ಮೊದಲಿನ ಶಕ್ತಿಗೆ ಅಳೆದು ಮಾಡಿದವುಗಳು. ಅಧಿಕ ಉಷ್ಣದಿಂದ ಪಿಸ್ಟನ್ನಿಗೂ ಟರ್ಬೊಕ್ಕೂ ಕೇಡು. ಕೆಟ್ಟಾಗ ತಯಾರಕರು ಖಾತರಿಯನ್ನು ನಿರಾಕರಿಸಬಹುದು. ಇದಲ್ಲದೆ 1988 ರ ಮೋಟಾರು ವಾಹನ ಕಾಯ್ದೆಯ 52 ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಅಶ್ವಶಕ್ತಿಯೂ ಅಂಥ ವಿವರವೇ. 2019 ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ ಆಗಬಹುದು.

ಕಾರಣ, ಟ್ರಾಕ್ಟರು ಮಂದವಾದಂತೆ ತೋರಿದಲ್ಲಿ ಮೊದಲು ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಗಾಳಿಯ ಫಿಲ್ಟರನ್ನು ನೋಡಬೇಕು. ರಾಶಿಯ ಕಾಲದಲ್ಲಿ ಹೊಟ್ಟು, ಧೂಳು ಸೇರಿ ಅದು ಬೇಗನೆ ಕಟ್ಟಿಕೊಳ್ಳುವದು.

2. ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರನ್ನು ಬಸಿಯಬೇಕು. ಅವಧಿ ಮುಗಿದಿದ್ದರೆ ಫಿಲ್ಟರನ್ನು ಬದಲಿಸಬೇಕು.

3. ಮೆಟ್ಟಿನ ಕೆಳಗೆ ಕೆಸರು ಗಟ್ಟಿಯಾಗಿ ಅದು ಪೂರ್ತಿ ಇಳಿಯದಂತೆ ಆಗಿದೆಯೋ ಹೇಗೆಂದು ಪರೀಕ್ಷಿಸಬೇಕು.

4. ದೋಷದ ದೀಪವು ಹತ್ತಿದ್ದರೆ, ಅಧಿಕೃತ ಮೆಕ್ಯಾನಿಕನಿಂದ ಕಂಪ್ಯೂಟರಿನಲ್ಲಿರುವ ದೋಷಸಂಖ್ಯೆಯನ್ನು ಓದಿಸಬೇಕು.

5. ಕೆಲವು ಟ್ರಾಕ್ಟರುಗಳಲ್ಲಿ ಎಣ್ಣೆಯ ಉಳಿತಾಯಕ್ಕೂ ಹೆಚ್ಚಿನ ಶಕ್ತಿಗೂ ಬೇರೆ ಬೇರೆ ಗುಂಡಿಗಳಿರುವವು. ಉಳಿತಾಯದ ಗುಂಡಿಯನ್ನು ಒತ್ತಿ ಮರೆತಿದ್ದರೂ ಇಂಜಿನು ಮಂದವಾಗಿ ತೋರುವದು.

6. ಸಾಫ್ಟ್‌ವೇರನ್ನು ಬದಲಿಸುವದಾದರೆ ತಯಾರಕರ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿ, ರಸೀದಿಯನ್ನು ಕಾದಿಡಬೇಕು.

ಹೆಚ್ಚಿನ ಶಕ್ತಿಯು ನಿಜವಾಗಿಯೂ ಅಗತ್ಯವಿದ್ದವರು ಹೊಸ ಯಂತ್ರವನ್ನು ಕೊಳ್ಳುವಾಗಲೇ ಅದನ್ನು ವಿಚಾರಿಸತಕ್ಕದ್ದು. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರಕಾರದ ಸಂಸ್ಥೆಯು ಟ್ರಾಕ್ಟರುಗಳನ್ನು ಪರೀಕ್ಷಿಸುವದು; ಪಿಟಿಓ ಶಕ್ತಿಯೂ ಎಣ್ಣೆಯ ಖರ್ಚೂ ಅದರ ವರದಿಗಳಲ್ಲಿ ದೊರೆಯುವವು. ಒಂದೇ ಟ್ರಾಕ್ಟರು ಬೆಳಿಗ್ಗೆ ಹೊಲಕ್ಕೆ, ಸಂಜೆ ಆಳುಗಳೊಡನೆ ಹೆದ್ದಾರಿಗೆ ಹೋಗುವ ಊರುಗಳಲ್ಲಿ ಗೌಡರೂ ಹಿರಿಯರೂ ಈ ಮಾತುಗಳನ್ನು ಟ್ರಾಕ್ಟರು ನಡೆಸುವ ತರುಣರಿಗೆ ತಿಳಿಸಿ ಹೇಳಬೇಕು.