ಗಾಯಕ್ಕೆ ರೇಷ್ಮೆಯ ಹಂದರ



ನೊಗ ತಿಕ್ಕಿ ಎತ್ತಿನ ಹೆಗಲು ಹುಣ್ಣಾದಾಗ, ಮುಳ್ಳುತಂತಿ ತಗುಲಿ ಆಕಳ ತೊಡೆ ಹರಿದಾಗ ನೀವು ಮೊದಲು ಏನು ಹಚ್ಚುತ್ತೀರಿ? ಸುಟ್ಟ ಎಂಜಿನ್ ಎಣ್ಣೆ, ಸುಣ್ಣ, ಬೂದಿ ಹಚ್ಚುವವರು ಇಂದಿಗೂ ಇದ್ದಾರೆ. ಇವು ಗಾಯವನ್ನು ಕೆರಳಿಸಿ, ಮಾಯುವುದನ್ನು ತಡಮಾಡುತ್ತವೆ. ಗಾಯಕ್ಕೆ ನಿಜವಾಗಿ ಬೇಕಾದುದೇನು ಎಂಬುದನ್ನು ರೇಷ್ಮೆಯ ಎಳೆಯಿಂದ ತಿಳಿಯಬಹುದು.

ಇಳಕಲ್ಲ ಸೀರೆಯ ಸೆರಗು ರೇಷ್ಮೆಯದೆಂದು ನಿಮಗೆ ಗೊತ್ತು. ರೇಷ್ಮೆ ಎಳೆಯ ಒಳತಿರುಳು ಫೈಬ್ರೋಯಿನ್ ಎಂಬ ಪ್ರೋಟೀನು. ಅದರ ಹೊರಗೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟು ಬಿಡಿಸುತ್ತಾರೆ. ಉಳಿದ ಫೈಬ್ರೋಯಿನ್ನನ್ನು ಕರಗಿಸಿ ಪಾಕ ಮಾಡುತ್ತಾರೆ.

ಮುಂದಿನದನ್ನು ತಿಳಿಯಲು ಮರೋಳ ಭಾಗದ ಹನಿ ನೀರಾವರಿಯನ್ನು ನೆನೆಯಿರಿ. ಕೊಳವೆಯ ತೂತಿನಲ್ಲಿ ನೀರಹನಿ ನಿಲ್ಲುವಂತೆ ಸೂಜಿಯ ತುದಿಯಲ್ಲಿ ಪಾಕದ ಹನಿ ನಿಲ್ಲುತ್ತದೆ. ಅದಕ್ಕೆ 10ರಿಂದ 30 ಸಾವಿರ ವೋಲ್ಟ್ ವಿದ್ಯುತ್ ಕೊಟ್ಟಾಗ ಹನಿ ಕೆಳಗೆ ಬೀಳದೆ ಎಳೆಯಾಗಿ ಚಿಮ್ಮುತ್ತದೆ. ದಾರಿಯಲ್ಲೇ ಒಣಗಿ, ಎದುರಿನ ತಗಡಿನ ಮೇಲೆ ಜೇಡರ ಬಲೆಯಂತೆ ಹರಡುತ್ತದೆ. ಇಂಥ ವಿಧಾನಕ್ಕೆ ಆಂಟನ್ ಫಾರ್ಮ್‌ಹಾಲ್ಸ್ ಎಂಬವರು 1934ರಲ್ಲೇ ಪೇಟೆಂಟ್ ಪಡೆದಿದ್ದರು. ಈ ನ್ಯಾನೊ ಎಳೆ ತಲೆಗೂದಲಿನ ನೂರನೇ ಒಂದು ಪಾಲಿಗಿಂತಲೂ ಸಣ್ಣದು.

ಚರ್ಮದೊಳಗಿನ ಕೊಲ್ಲಾಜೆನ್ ಜಾಲವೂ ಹೀಗೇ ನವಿರು. ಆದ್ದರಿಂದ ಹಂದರಕ್ಕೆ ಹೀರೆಬಳ್ಳಿ ಹಬ್ಬುವಂತೆ ಹೊಸ ಜೀವಕೋಶಗಳು ಈ ಎಳೆಗಳನ್ನು ಹಿಡಿದು ಬೆಳೆಯುತ್ತವೆ. ಗಾಳಿಯಾಡುತ್ತದೆ, ತೇವ ಉಳಿಯುತ್ತದೆ, ರೋಗಾಣುಗಳಿಗೆ ತಡೆಯಾಗುತ್ತದೆ. ನಮ್ಮ ಹಾಲಿನ ಕೇಸೀನ್‌ಗೆ ಬೇರೆ ಪಾಲಿಮರ್ ಬೆರೆಸಿಯೂ ಪ್ರಯೋಗಾಲಯಗಳಲ್ಲಿ ಇಂಥ ಎಳೆ ತೆಗೆದಿದ್ದಾರೆ. ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳು ಬೆಂಗಳೂರಿನಲ್ಲೇ ತಯಾರಾಗುತ್ತಿವೆ. ಹಾಗೆಂದು ಹಳೆಯ ಸೆರಗನ್ನು ಹರಿದು ಗಾಯಕ್ಕೆ ಕಟ್ಟಬೇಡಿರಿ. ಅದರಲ್ಲಿ ಬಣ್ಣ, ಧೂಳು ಇರುತ್ತವೆ.

ಗಾಯಕ್ಕೆ ಬೇಕಾದುದು ಶುಚಿ, ಹದವಾದ ತೇವ ಮತ್ತು ಹೊದಿಕೆ. ಇದನ್ನು ನೀವು ಇಂದೇ ಒದಗಿಸಬಹುದು:

1. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಬೆರೆಸಿ ಗಾಯ ತೊಳೆಯಿರಿ.

2. ಶುದ್ಧ ಬಟ್ಟೆ ಮುಚ್ಚಿ, ನೊಣ ಕೂಡದಂತೆ ನೋಡಿಕೊಳ್ಳಿರಿ. ಹುಣ್ಣು ಮಾಯುವವರೆಗೆ ಎತ್ತಿಗೆ ನೊಗ ಹೂಡಬೇಡಿರಿ.

3. ಗಾಯ ಆಳವಾಗಿದ್ದರೆ, ಹುಳ ಬಿದ್ದಿದ್ದರೆ, ಕೆಚ್ಚಲು ಇಲ್ಲವೆ ಮೊಲೆ ಹರಿದಿದ್ದರೆ ಅಂದೇ ಪಶುವೈದ್ಯರನ್ನು ಕರೆಯಿರಿ.

4. ಔಷಧಿ ಕೊಟ್ಟ ರಾಸಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿರಿ.

ರೇಷ್ಮೆಯ ಪಟ್ಟಿ ಕೊಟ್ಟಿಗೆಗೆ ಬರುವ ದಿನ ಬರಲಿ. ಅಲ್ಲಿಯವರೆಗೆ ಎಂಜಿನ್ ಎಣ್ಣೆಯ ಡಬ್ಬಿ ಕೊಟ್ಟಿಗೆಯಿಂದ ಹೊರಗಿರಲಿ.