ನಾಯಿ ಸಾಕಿದವರಿಗೆ ಮನೆ ಬಾಡಿಗೆಗೆ ಕೊಡಬಹುದೇ?

ಕಳೆದ ಆಶ್ವೀಜದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಕಛೇರಿಗೆ ಬಂದವರು, ಗೊಬ್ಬರದ ಲೆಕ್ಕ ಮುಗಿದ ಮೇಲೂ ಏಳದೆ ಕುಳಿತಿದ್ದರು. ವಿಚಾರಿಸಿದಾಗ ವಿಷಯ ಹೊರಬಂತು. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಮಗ ಬೆಂಗಳೂರಿನಲ್ಲಿದ್ದಾನೆ. ಕಣದ ಮಗ್ಗುಲಲ್ಲಿರುವ ಹಳೆಯ ಮನೆ ಎರಡು ಮಳೆಗಾಲ ಖಾಲಿ ಬಿದ್ದು ಪಕಾಸಿಗಳಿಗೆ ಗೆದ್ದಲು ಹಿಡಿದಿದೆ. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಗಂಡಹೆಂಡಿರು ಬಾಡಿಗೆಗೆ ಕೇಳಿದ್ದಾರೆ, ಬಾಡಿಗೆಯೂ ಒಳ್ಳೆಯದೇ. ಆದರೆ ಅವರಿಗೆ ಎರಡು ನಾಯಿಗಳಿವೆ. “ಕೊಟ್ಟರೆ ಕಣದಲ್ಲಿ ಕಾಫಿ ಹರವೋದು ಹೇಗೆ, ಕೊಡದಿದ್ದರೆ ಬರುವ ಮಳೆಗೆ ಸೂರು ಉಳಿಯೋದು ಹೇಗೆ, ಸೆಕ್ರೆಟರಿಗಳೇ ನೀವೇ ಹೇಳಿ” ಎಂದರು.

ಇಂಥ ಪ್ರಶ್ನೆ ಈಗ ಒಬ್ಬರದಲ್ಲ. 2020ರ ಕೊರೋನಾ ಕಾಲದಿಂದೀಚೆಗೆ ಪಟ್ಟಣ ಬಿಟ್ಟು ಮಲೆನಾಡಿನಲ್ಲಿ ಮನೆ ಹುಡುಕುವವರು ಆಗಾಗ ಬರುತ್ತಿದ್ದಾರೆ. ಅವರಲ್ಲಿ ಹಲವರ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯೂ ಇರುತ್ತದೆ. ಆದುದರಿಂದ ಈ ವಿಷಯದಲ್ಲಿ ನಾವು ಕಂಡು ಕೇಳಿದ್ದನ್ನು ಸದಸ್ಯರ ಅವಗಾಹನೆಗೆ ತರುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಪೇಟೆಯಲ್ಲಿರುವ ನಮ್ಮ ಚಿಕ್ಕ ಮನೆಗೆ ಕೆಲವು ವರ್ಷಗಳ ಹಿಂದೆ ಒಂದು ಸಂಸಾರ ಬಂದಿತ್ತು. ಜೊತೆಗೆ ಮುದಿ ನಾಯಿಯೊಂದು. ಇದೆ ಎಂದು ಅವರೇ ಹೇಳಿದರು. ನಾವು ನಾಯಿಯನ್ನು ನೋಡಲೂ ಇಲ್ಲ, ಆಗದು ಎಂದುಬಿಟ್ಟೆವು. ನಾಯಿ ಇಲ್ಲದವರನ್ನೇ ಹುಡುಕಿ ಕೊಟ್ಟೆವು. ಆರು ತಿಂಗಳಲ್ಲಿ ಅವರು ನಮಗೆ ತಿಳಿಸದೆ ಮರಿಯೊಂದನ್ನು ತಂದರು. ಹಗಲೆಲ್ಲ ಒಳಗೆ ಕೂಡಿಹಾಕಿ ಹೋಗುತ್ತಿದ್ದರಂತೆ. ನಮಗೆ ಗೊತ್ತಾಗುವಷ್ಟರಲ್ಲಿ ಹೊನ್ನೆ ಮರದ ಎರಡು ಬಾಗಿಲುಗಳ ಕೆಳಭಾಗ ಹೋಗಿತ್ತು, ಕಾವಿ ನೆಲದ ತುಂಬ ಉಗುರಿನ ಗೀರು. ಬಿಟ್ಟು ಹೋಗುವಾಗ ಸಾಮಾನೆಲ್ಲ ಲಾರಿಗೆ ಏರಿತು, ನಾಯಿ ಮಾತ್ರ ಗೇಟಿನ ಹೊರಗೆ ಉಳಿಯಿತು. ಅದನ್ನು ತೋಟಕ್ಕೆ ತಂದು ಸಾಕಿದ್ದು ನಾವೇ. ನಾಯಿ ಇದೆ ಎಂದು ಮೊದಲೇ ಹೇಳುವವನು, ಕೇಳಿದರೂ ಮುಚ್ಚಿಡುವವನಿಗಿಂತ ವಾಸಿಯೆಂದು ಆಗ ನಮಗೆ ತಿಳಿಯಿತು.

ಪಟ್ಟಣದ ಮಾಲೀಕರು ಬಾಗಿಲು, ನೆಲ, ಬೊಗಳುವ ಸದ್ದು ಇಷ್ಟನ್ನು ಯೋಚಿಸಿದರೆ ಸಾಕು. ನಮ್ಮ ಮನೆಗಳ ಸುತ್ತ ಬೇರೆ ಬದುಕು ಇದೆ. ಕಣದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಚಾಲಿ ಅಡಿಕೆ ಅಂಗಳದಲ್ಲಿ 40-45 ದಿನ ಬಿಸಿಲು ಕಾಯಬೇಕು. ಡಿಸೆಂಬರಿನಿಂದ ಮಾರ್ಚಿವರೆಗೆ ಒಂದಲ್ಲ ಒಂದು ಕಾಫಿ ಕಣದಲ್ಲಿ ಇದ್ದೇ ಇರುತ್ತದೆ. ಕಾಫಿ ಬೀಜ ಸುತ್ತಲಿನ ತೇವವನ್ನೂ ವಾಸನೆಯನ್ನೂ ಬೇಗ ಹೀರುವ ವಸ್ತು. ಬೆಚ್ಚಗಿನ ಪಾರ್ಚ್‌ಮೆಂಟಿನ ಮೇಲೆ ಮಲಗುವುದೆಂದರೆ ನಾಯಿಗೆ ಪರಮ ಸುಖ. ಅಲ್ಲಿಯೇ ಕಾಲೆತ್ತಿತೋ, ಮಾಲಿನ ಗತಿ ಏನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕಣಕ್ಕೆ ಬೇಲಿ ಇಲ್ಲದವರು, ಕಣದ ಪಕ್ಕದ ಮನೆಯನ್ನು ನಾಯಿಯವರಿಗೆ ಕೊಡುವ ಮೊದಲು ಬೇಲಿಯ ಖರ್ಚನ್ನು ಬಾಡಿಗೆಯಲ್ಲಿ ಕಳೆದು ನೋಡಬೇಕು.

ಎರಡನೆಯದು ರೋಗದ ವಿಚಾರ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ಹೇಳಬೇಕು. ಮನುಷ್ಯರಿಗೆ ಅದು ತಗಲುವುದು ಬಹುಪಾಲು ನಾಯಿಯ ಕಡಿತದಿಂದಲೇ. ಆದರೆ ತಡೆಯುವುದು ಸುಲಭ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವರ್ಷವರ್ಷವೂ. ಪಶುವೈದ್ಯರ ಸಹಿ ಮತ್ತು ತಾರೀಖು ಇರುವ ಕಾರ್ಡನ್ನು ಕೈಗೆ ತೆಗೆದುಕೊಂಡು ಓದಬೇಕು. “ಎಲ್ಲ ಹಾಕಿಸಿದ್ದೇವೆ ಸಾರ್” ಎಂಬ ಬಾಯಿಮಾತು ಸಾಲದು. ನೆರೆಯ ತೋಟವೊಂದರಲ್ಲಿ ಬಾಡಿಗೆದಾರರ ನಾಯಿ ಲೈನು ಮನೆಯ ಹುಡುಗಿಯೊಬ್ಬಳ ಮೀನಖಂಡಕ್ಕೆ ಹಾಕಿತು. ಕಾರ್ಡು ಕೇಳಿದರೆ ಇರಲಿಲ್ಲ. ಪುಣ್ಯಕ್ಕೆ ತೋಟದ ರೈಟರು ತಿಳಿದವರು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆಸಿ, ಅರಿಶಿನ ಸುಣ್ಣ ಏನನ್ನೂ ಮೆತ್ತಲು ಬಿಡದೆ, ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಹುಡುಗಿ ಚೆನ್ನಾಗಿದ್ದಾಳೆ. ಆದರೆ ಚುಚ್ಚುಮದ್ದಿನ ಸರಣಿ ಮುಗಿಯುವವರೆಗೆ ಆ ತಾಯಿ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ನಾವು ಬಾಡಿಗೆಗೆ ಕೊಡುವುದು ನಮ್ಮ ಮನೆಯನ್ನಾದರೂ, ಅದರ ಎದುರು ದಿನಕ್ಕೆ ನಾಲ್ಕು ಸಲ ಹಾದುಹೋಗುವ ಮಕ್ಕಳು ಕೆಲಸದವರದು. ಅವರನ್ನೂ ಒಂದು ಮಾತು ಕೇಳುವುದು ನ್ಯಾಯ.

ಉಣುಗಿನ ಮಾತನ್ನೂ ಮರೆಯುವಂತಿಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಇಂದಿಗೂ ಬೇಸಿಗೆಯಲ್ಲಿ ನಮ್ಮ ಜಿಲ್ಲೆಗಳನ್ನು ಬಿಟ್ಟಿಲ್ಲ. ಅದನ್ನು ಹರಡುವುದು ಕಾಡಿನ ಉಣುಗು. ಕಾಡು ನುಗ್ಗಿ ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೂ ಬರುತ್ತದೆ. ಪಟ್ಟಣದವರಿಗೆ ಇದು ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಹಾಗೆಯೇ ಚಿರತೆ. ರಾತ್ರಿ ಜಗಲಿಯಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಒಮ್ಮೆ ರುಚಿ ಕಂಡರೆ ಅದು ನಮ್ಮ ಕೊಟ್ಟಿಗೆಯ ದಾರಿಯನ್ನೂ ಕಲಿಯುತ್ತದೆ. ಕತ್ತಲಾದ ಮೇಲೆ ನಾಯಿ ಒಳಗೇ ಮಲಗಬೇಕು ಎಂಬುದಕ್ಕೆ ಒಪ್ಪದವರಿಗೆ ತೋಟದ ಮನೆ ಕೊಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಕೇಳಿ ಬೇಡವೇ ಬೇಡ ಎನ್ನುವವರೂ ಇರಬಹುದು. ಅವರು ಖಾಲಿ ಮನೆಯ ಲೆಕ್ಕವನ್ನೂ ಹಾಕಬೇಕು. ಮಲೆನಾಡಿನಲ್ಲಿ ಒಲೆಯ ಹೊಗೆ ಕಾಣದ ಮನೆ ಬಹಳ ಕಾಲ ನಿಲ್ಲದು. ನಾಯಿಯಿದ್ದವರಿಗೆ ಬೇರೆ ಮನೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಸಿಕ್ಕಿದ ಮನೆಯನ್ನು ಅವರು ಬೇಗ ಬಿಡುವುದಿಲ್ಲ. ಕಣದಿಂದ ಮೂಟೆ ಮಾಯವಾಗುವ ಈ ದಿನಗಳಲ್ಲಿ ರಾತ್ರಿ ಒಂದು ದೀಪ, ಒಂದು ಬೊಗಳು ಇದ್ದರೆ ಒಳ್ಳೆಯದೇ. ಬಾಡಿಗೆದಾರರ ನಾಯಿ ನಮ್ಮ ಕಾವಲುಗಾರನಲ್ಲ ಎಂಬುದು ಮಾತ್ರ ನೆನಪಿರಲಿ.

ಕಾನೂನಿನ ವಿಷಯ ಎರಡೇ ಮಾತು. ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ನಿವಾಸಿಗಳ ಸಂಘ, ಅಪಾರ್ಟ್‌ಮೆಂಟುಗಳಂಥವುಗಳನ್ನು ಉದ್ದೇಶಿಸಿದ್ದು. ತನ್ನ ಸ್ವಂತ ಮನೆ ಕೊಡುವವನು ಮೊದಲೇ ಷರತ್ತು ಹೇಳಿ ಬರೆಸಿಕೊಳ್ಳಲು ಅಡ್ಡಿಯಿಲ್ಲ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಶಿಕ್ಷೆಯುಂಟು. ನಾಯಿ ಯಾರ ವಶದಲ್ಲಿದೆಯೋ ಅವರ ಮೇಲೆ ಆ ಹೊಣೆ. ಆದುದರಿಂದ ನಾಯಿಗಳ ಸಂಖ್ಯೆ, ಬಣ್ಣ, ವಯಸ್ಸು, ಯಾರ ನಾಯಿ ಎಂಬುದು ಕರಾರಿನಲ್ಲಿಯೇ ಇರಬೇಕು. ಮುಂದೆ ಇನ್ನೊಂದು ತರುವುದಾದರೆ ಕೇಳಿ ತರಬೇಕು. ಮನೆ ಬಿಡುವಾಗ ನಾಯಿಯನ್ನು ಬಿಟ್ಟು ಹೋಗತಕ್ಕದ್ದಲ್ಲ. ಈ ಕೊನೆಯ ವಾಕ್ಯವನ್ನು ನಾವು ಅನುಭವದಿಂದ ಸೇರಿಸಿದ್ದು.

ಕಾಗದಕ್ಕಿಂತ ಮೊದಲು ನಾಯಿಯನ್ನು ನೋಡಬೇಕು. ಜಾತಿ ಯಾವುದು ಎಂಬುದಕ್ಕಿಂತ, ಯಜಮಾನ ಕೂಗಿದರೆ ತಿರುಗಿ ಬರುತ್ತದೆಯೇ, ದಿನಾ ಅದನ್ನು ತಿರುಗಾಡಿಸುವವರು ಯಾರು, ಇವರು ಊರಿಗೆ ಹೋದರೆ ಅದಕ್ಕೆ ಅನ್ನ ಹಾಕುವವರು ಯಾರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಕೆಲಸ ನಿಮ್ಮ ಪಾಲಿಗೆ ಬಂತೆಂದೇ ತಿಳಿಯಿರಿ. ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನು ಮಾಡುವುದರಲ್ಲಿ ಸಂಕೋಚ ಬೇಡ.

ನಮ್ಮ ಸದಸ್ಯೆ ಹಾಗೆಯೇ ಮಾಡಿದರು. ನಾಯಿಗಳನ್ನು ಕರೆತರಲು ಹೇಳಿ, ಬೇಕೆಂದೇ ಹಾಲು ಕರೆಯುವ ಹೊತ್ತಿಗೆ ಅಂಗಳಕ್ಕೆ ಬಿಡಿಸಿದರು. ಒಂದು ಮುದಿ ಲ್ಯಾಬ್ರಡಾರು, ಬಂದ ಕೂಡಲೇ ತುಳಸಿಕಟ್ಟೆಯ ನೆರಳಲ್ಲಿ ಮಲಗಿತು. ಇನ್ನೊಂದು ಬೀದಿಯಿಂದ ತಂದ ನಾಡನಾಯಿ. ಹಸುವಿಗೆ ನಾಲ್ಕು ಬೊಗಳಿ, ಹುಡುಗಿ ಗದರಿದ ಮೇಲೆ ಸುಮ್ಮನಾಯಿತು. ಕಾರ್ಡುಗಳು ಸರಿಯಿದ್ದವು. ಕಣಕ್ಕೆ ಬೇಲಿಯ ಅರ್ಧ ಖರ್ಚು ಬಾಡಿಗೆದಾರರದು, ಕೊಯ್ಲು ಮುಗಿಯುವವರೆಗೆ ನಾಯಿಗಳು ಹಗ್ಗದಲ್ಲೇ ಹೊರಗೆ ಬರತಕ್ಕದ್ದು ಎಂದು ಬರೆದು 11 ತಿಂಗಳ ಕರಾರಾಯಿತು. ಮೊದಲ ಎರಡು ತಿಂಗಳ ಬಾಡಿಗೆ ಪಕಾಸಿಗೆ ಹೋಗಿದೆ. ಲ್ಯಾಬ್ರಡಾರು ಈಗ ಹೆಚ್ಚು ಹೊತ್ತು ಇರುವುದು ಅವರ ಅಡಿಗೆಮನೆಯ ಬಾಗಿಲಲ್ಲೇ ಎಂದು ಕೇಳಿದ್ದೇವೆ.

ಆ ಕರಾರಿನ ಮಾದರಿ ಪ್ರತಿ ಸಂಘದ ಕಛೇರಿಯಲ್ಲಿದೆ. ಬೇಕಾದ ಸದಸ್ಯರು ಕೆಲಸದ ದಿನ ಬಂದು ನಕಲು ಮಾಡಿಕೊಳ್ಳಬಹುದು.